ಅತ್ತೆ ಬಿಟ್ಟುಕೊಡದ ಆಲ್ಬಮ್

ಅತ್ತೆಯ ಬಲಗೈಯ ಎರಡು ಬೆರಳುಗಳ ತುದಿ ಗಟ್ಟಿಯಾಗಿ, ತುಸು ಚಪ್ಪಟೆಯಾಗಿತ್ತು. ಊಟದ ಡಬ್ಬಿಯ ಮುಚ್ಚಳ, ಲೋಕಲ್ ಟ್ರೈನಿನ ಕಿಟಕಿಯ ಸರಳು, ಆಫೀಸಿನ ಮೇಜು, ಡೊಂಬಿವಲಿಯ ನಮ್ಮ ಮನೆಯ ಗ್ಯಾಲರಿಯ ಕಂಬಿ, ಸಿಕ್ಕಿದ್ದರ ಮೇಲೆಲ್ಲ ಆ ಬೆರಳುಗಳು ತಾಳ ಹಾಕುತ್ತಲೇ ಇರುತ್ತಿದ್ದವು. ಅಂಚಿನ ಸೀರೆ ಉಟ್ಟು, ಜಡೆಗೆ ಅಬ್ಬಲಿಗೆ ಮುಡಿದು ಲೇಡೀಸ್ ಡಬ್ಬದಲ್ಲಿ ಕೂತ ಅವರನ್ನು ನೋಡಿದವರು ಯಾವುದೋ ಭಜನೆ ಎಂದುಕೊಳ್ಳುತ್ತಿದ್ದರು. ಅದು ಒಂದು ಇಂಗ್ಲಿಷ್ ರಾಕ್ ಬ್ಯಾಂಡಿನ ಡ್ರಮ್ಮು ಎಂಬುದು ಪಕ್ಕದಲ್ಲಿ ಕೂತ ನನಗೆ ಮಾತ್ರ ಗೊತ್ತಿತ್ತು.

ಅವರು ನನ್ನ ಅಪ್ಪನ ತಂಗಿ. ಮದುವೆಯಾಗಲಿಲ್ಲ. ಅಪ್ಪ ಉಡುಪಿಯಿಂದ ಬಂದು ಸ್ಟೇಶನ್ನಿನ ಹತ್ತಿರದ ಸಸ್ಯಾಹಾರಿ ಹೋಟೆಲೊಂದರಲ್ಲಿ ಪಾಲುದಾರರಾದ ಮೇಲೆ ತಂಗಿಯನ್ನೂ ಕರೆಸಿಕೊಂಡಿದ್ದರು. ಅತ್ತೆ ಹತ್ತಿರದ ಠಾಣೆ ಪಟ್ಟಣದ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು, ಅಲ್ಲಿಯೇ ಉಳಿದರು. ಮನೆಯಲ್ಲಿ ನಾವೆಲ್ಲ ತುಳು. ಆದರೆ ಹಾಡಿನ ವಿಷಯ ಬಂದರೆ ಅತ್ತೆ ಕನ್ನಡಕ್ಕೆ ಬರುತ್ತಿದ್ದರು. ಅದೇಕೆಂದು ಕೇಳಿದಾಗ, "ಜಗಳ ಮಾಡ್ಲಿಕ್ಕೆ ನನಗೆ ಕನ್ನಡವೇ ಲಾಯ್ಕ್ ಆಗ್ತದೆ" ಎಂದಿದ್ದರು. ಇಲ್ಲಿಯೇ ಹುಟ್ಟಿ ಹಿಂದಿ, ಮರಾಠಿಯಲ್ಲೇ ಉತ್ತರ ಕೊಡುತ್ತಿದ್ದ ನನಗೆ ಕನ್ನಡ ಓದಲು, ಬರೆಯಲು ಕಲಿಸಿದವರೂ ಅವರೇ.

ಹೆದರುವುದರಲ್ಲಿ ನಮ್ಮ ಮನೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಗ್ಯಾಸ್ ಆರಿಸಿ, ಬೀಗ ಹಾಕಿ, ಲಿಫ್ಟಿದ್ದರೂ ಹತ್ತದೆ ಮೆಟ್ಟಿಲಿನವರೆಗೆ ಹೋಗಿ, ತಿರುಗಿ ಬಂದು ಬೀಗವನ್ನು ಎಳೆದು ನೋಡುವರು. ಆಕಾಶ ಶುಭ್ರವಾಗಿದ್ದರೂ ಚೀಲದಲ್ಲಿ ಕೊಡೆ. ಅಪ್ಪ ಹೋಟೆಲಿನಿಂದ ಬರುವುದು ಸ್ವಲ್ಪ ತಡವಾದರೆ ಗ್ಯಾಲರಿಯಲ್ಲಿ ನಿಂತೇ ಇರುವರು. "ಏನಾದ್ರೂ ಆದ್ರೆ?" ಎಂಬುದು ಅವರ ಖಾಯಂ ಮಾತು. ಅಪ್ಪ, ಅಮ್ಮ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ, ಏಕೆಂದರೆ ಅದೇ ಹೆದರಿಕೆ ನನ್ನೊಳಗೂ ಬಂದು ಕೂತಿತ್ತು. ಕಾಲೇಜಿಗೆ ಹೋಗುವಾಗ ಟ್ರೈನಿನಲ್ಲಿ ಮುಂಬ್ರಾದ ಹತ್ತಿರ ಜನ ಒತ್ತಿಕೊಂಡು ಬಂದರೆ ಎದೆ ಬಿಗಿದು, ಕೈ ತಣ್ಣಗಾಗಿ, ಉಸಿರು ಸಿಗುತ್ತಿರಲಿಲ್ಲ. ಯಾರಿಗೂ ಹೇಳುತ್ತಿರಲಿಲ್ಲ. ಮೊಬೈಲಿನಲ್ಲಿ ಏನೋ ಓದುವವಳಂತೆ ನಟಿಸುತ್ತಿದ್ದೆ.

ಆ ಬ್ಯಾಂಡು ಅತ್ತೆಗೆ ಸಿಕ್ಕಿದ್ದು ಕೈತಪ್ಪಿನಿಂದ. ಊರಿನಿಂದ ಬಂದ ಹೊಸತರಲ್ಲಿ ಠಾಣೆ ಸ್ಟೇಶನ್ನಿನ ಹೊರಗೆ ಫುಟ್‌ಪಾತಿನಲ್ಲಿ ಒಂದು ಭಜನೆಯ ಕ್ಯಾಸೆಟ್ ಕೊಂಡಿದ್ದರು. ಮನೆಗೆ ಬಂದು ಟೇಪ್ ರೆಕಾರ್ಡರಿಗೆ ಹಾಕಿದರೆ ಒಳಗಿದ್ದದ್ದೇ ಬೇರೆ. "ಇಂಗ್ಲಿಷ್ ಒಂದಕ್ಷರ ಅರ್ಥ ಆಗ್ಲಿಲ್ಲ. ಆದ್ರೆ ಆ ಹಾಡುವವನ ಸ್ವರ ನಡುಗ್ತಾ ಇತ್ತು ಮಾರಾಯ್ತಿ. ಅಷ್ಟು ದೊಡ್ಡ ಊರಿನ ಅಷ್ಟು ದೊಡ್ಡ ಗಂಡಸಿಗೂ ಹೆದರಿಕೆ ಆಗ್ತದಲ್ಲ ಅಂತ ಸಮಾಧಾನ ಆಯ್ತು," ಎಂದು ನನಗೆ ಹೇಳಿದ್ದರು. ಆಮೇಲೆ ಆ ಬ್ಯಾಂಡಿನ ಉಳಿದ ಆಲ್ಬಮ್‌ಗಳನ್ನೂ ಹುಡುಕಿ ಕೇಳಿದರು. ಆದರೆ ಮನಸ್ಸು ನಿಂತದ್ದು ಮೊದಲು ಸಿಕ್ಕಿದ ಅದರಲ್ಲೇ.

ಅದು ಆ ಬ್ಯಾಂಡಿನ ಮೂರನೆಯ ಆಲ್ಬಮ್. ಮೊದಲಿನ ಎರಡರಲ್ಲಿ ಗಿಟಾರಿನ ಅಬ್ಬರ, ಎದೆಯುಬ್ಬಿಸಿ ಹಾಡಿದ ಹಾಡುಗಳು. ಮೂರನೆಯದನ್ನು ಮಾಡುವಾಗ ಗಿಟಾರಿನವನು ಅರ್ಧಕ್ಕೇ ಜಗಳ ಮಾಡಿ ಹೊರಟುಹೋದನಂತೆ. ಉಳಿದವರು ಆರ್ಗನ್ನು ಇಟ್ಟುಕೊಂಡು ಹೇಗೋ ಮುಗಿಸಿದರು. ಕೊನೆಯ ಹಾಡಿನಲ್ಲಿ ಡ್ರಮ್ಮಿನವನು ಒಂದು ಕಡೆ ತಾಳ ತಪ್ಪುತ್ತಾನೆ, ಅದನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದಾರೆ. ಅಭಿಮಾನಿಗಳ ಪ್ರಕಾರ ಅದು ಆ ಬ್ಯಾಂಡಿನ ಮರ್ಯಾದೆ ತೆಗೆದ ಆಲ್ಬಮ್.

ಈ ಅಭಿಮಾನಿಗಳನ್ನು ನಾನು ಕಂಡದ್ದು ಸೀವುಡ್ಸ್‌ನಲ್ಲಿ. ಅಲ್ಲಿಯ ಒಂದು ವಸತಿ ಸೊಸೈಟಿಯ ಸಭಾಂಗಣದಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಹಳೆಯ ರಾಕ್ ಕೇಳುವವರು ಸೇರುತ್ತಿದ್ದರು. ಬ್ಯಾಂಕಿನವರು, ಶಾಲೆಯ ಮೇಷ್ಟ್ರು, ಹಡಗಿನ ಕೆಲಸ ಬಿಟ್ಟು ಬಂದವರು, ನಾಲ್ಕಾರು ಕಾಲೇಜು ಹುಡುಗರು. ಯಾರಾದರೊಬ್ಬರು ಒಂದು ಆಲ್ಬಮ್ ಹಿಡಿದುಕೊಂಡು ಬಂದು, ಕೇಳಿಸಿ, ಅದರ ಪರವಾಗಿ ವಾದ ಮಾಡಬೇಕು. ಉಳಿದವರು ಹರಿದು ಹಾಕುತ್ತಾರೆ. ಕೊನೆಗೆ ಕೈ ಎತ್ತಿಸಿ ತೀರ್ಮಾನ. ಅತ್ತೆಗೆ ಈ ಗುಂಪು ಮೊಬೈಲಿನಲ್ಲಿ ಪರಿಚಯವಾಗಿತ್ತು. ಒಬ್ಬರೇ ಹೋಗಲು ಹೆದರಿಕೆ ಎಂದು ನನ್ನನ್ನು ಎಳೆದುಕೊಂಡು ಹೋದರು.

ಅಲ್ಲಿ ಅತ್ತೆಗೆ ಸರಿಯಾದ ಎದುರಾಳಿ ಸಿಕ್ಕಿದರು. ಶಹಾಡಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಧಾರವಾಡದ ಕಡೆಯವರು. ದಪ್ಪ ಮೀಸೆ, ಅದಕ್ಕಿಂತ ದಪ್ಪ ಸ್ವರ. ಅವರಿಗೆ ಆ ಬ್ಯಾಂಡಿನ ಮೊದಲ ಎರಡು ಆಲ್ಬಮ್ ಎಂದರೆ ಪ್ರಾಣ, ಮೂರನೆಯದೆಂದರೆ ಮೈಯೆಲ್ಲ ಉರಿ.

"ಅಕ್ಕಾರ, ಗಿಟಾರ ಇಲ್ಲದ ರಾಕ್ ಎಂಥಾ ರಾಕ್ರೀ? ಉಪ್ಪಿಲ್ಲದ ಸಾರ ಆತಲ್ಲ!"

"ಗಿಟಾರಿನವ ಬಿಟ್ಟು ಹೋದ ಸಾಹೇಬ್ರೆ. ಉಳಿದವರು ಎಂಥ ಮಾಡ್ಬೇಕಿತ್ತು? ಅಂಗಡಿ ಮುಚ್ಚಬೇಕಿತ್ತಾ?"

"ಹೌದ್ರಿ, ಮುಚ್ಚಬೇಕಿತ್ತು! ಡ್ರಮ್ಮಿನಾಂವ ತಾಳ ತಪ್ಪ್ಯಾನ. ತಪ್ಪು ಅಂದ್ರ ತಪ್ಪ."

"ತಪ್ಪಿದ್ದು ಹೌದು. ತಪ್ಪಿದ ಮೇಲೆ ಹೇಗೆ ವಾಪಸ್ ಬಂದು ಸೇರಿಕೊಂಡ ಅಂತ ಕೇಳಿದ್ರಾ ನೀವು? ಅದನ್ನು ಕೇಳ್ಲಿ ಅಂತಲೇ ಬಿಟ್ಟದ್ದು."

ಕನ್ನಡ ಬಾರದ ಉಳಿದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಬೀಗವನ್ನು ನಂಬದ, ಲಿಫ್ಟನ್ನು ನಂಬದ ನನ್ನ ಅತ್ತೆ ಅಲ್ಲಿ ಒಂದಿಂಚೂ ಹಿಂದೆ ಸರಿಯುತ್ತಿರಲಿಲ್ಲ. ಅಲ್ಲೇ ಪಕ್ಕದ ನೆರೂಳಿನಲ್ಲಿ ನನಗೆ ಕೆಲಸ ಸಿಕ್ಕಿದ ಮೇಲೂ, ಭಾನುವಾರ ಮತ್ತೆ ಅದೇ ದಾರಿಯ ಪ್ರಯಾಣ ಬೇಸರವಾದರೂ, ಆ ಅತ್ತೆಯನ್ನು ನೋಡುವುದಕ್ಕಾಗಿಯೇ ನಾನು ಹೋಗುತ್ತಿದ್ದೆ.

ಒಂದು ಮಳೆಗಾಲದಲ್ಲಿ ಅತ್ತೆ ನಡೆಯುವಾಗ ವಾಲತೊಡಗಿದರು. ಎಡಗಿವಿಯಲ್ಲಿ ಸದಾ ಕುಕ್ಕರಿನ ಸಿಳ್ಳೆಯಂಥ ಸದ್ದು, ಅದರಡಿಯಲ್ಲಿ ಮಾತು ಕೇಳುವುದೂ ದಿನದಿನಕ್ಕೆ ಕಡಿಮೆ. ಸ್ಕ್ಯಾನ್ ಮಾಡಿಸಿದಾಗ ಕಿವಿಯ ನರದ ಮೇಲೆ ಒಂದು ಗಡ್ಡೆ ಕಂಡಿತು. ಕ್ಯಾನ್ಸರಲ್ಲ, ಆದರೆ ಮೆದುಳಿನ ಕಡೆಗೆ ಬೆಳೆಯುತ್ತಿದೆ, ತೆಗೆಯಲೇಬೇಕು ಎಂದರು ಡಾಕ್ಟರರು. ಎಡಗಿವಿ ಹೋಗುವುದು ಖಂಡಿತ. ಚಿಕ್ಕಂದಿನಲ್ಲಿ ಕೀವಾಗಿ ಸೋರಿದ್ದರಿಂದ ಬಲಗಿವಿ ಮೊದಲೇ ಅರ್ಧಂಬರ್ಧ. ಇಷ್ಟು ವರ್ಷ ಅವರು ಹಾಡು ಕೇಳಿದ್ದೆಲ್ಲ ಎಡಗಿವಿಯನ್ನೇ ನೆಚ್ಚಿಕೊಂಡು.

ಆಸ್ಪತ್ರೆಯಿಂದ ಹೊರಗೆ ಬಂದು ರಿಕ್ಷಾಕ್ಕೆ ಕಾಯುವಾಗ ಅತ್ತೆ ಕೇಳಿದರು, "ಬರುವ ಭಾನುವಾರ ನನ್ನ ಸರದಿ ಅಲ್ವಾ?"

"ಅತ್ತೆ, ಪ್ಲೀಸ್. ಈಗ ಅದೆಲ್ಲ ಬೇಕಾ?"

"ಬೇಕು. ಅವತ್ತು ಮೂರನೆಯದನ್ನೇ ತಕೊಂಡು ಹೋಗ್ತೇನೆ. ಗುಂಪಿನವರಿಗೆ ಏನೂ ಹೇಳ್ಬೇಡ."

ಆಪರೇಶನ್ ಆ ಭಾನುವಾರದ ನಂತರದ ಬುಧವಾರಕ್ಕೆ ನಿಗದಿಯಾಗಿತ್ತು. ಅಪ್ಪ ಹೋಟೆಲಿಗೆ ಹೋಗಿ ಗಲ್ಲಾದ ಮುಂದೆ ಸುಮ್ಮನೆ ಕೂತು ಬರುತ್ತಿದ್ದರು. ಅಮ್ಮ ದೇವರ ಮುಂದೆ ಎದ್ದು ಕೂತು ಮಾಡುತ್ತಿದ್ದಳು. ಅತ್ತೆ ಮಾತ್ರ ಗ್ಯಾಲರಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಆ ಆಲ್ಬಮನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಕಣ್ಣು ಮುಚ್ಚಿರುತ್ತಿರಲಿಲ್ಲ. ದೊಡ್ಡದಾಗಿ ತೆರೆದು ಎದುರಿನ ಕಟ್ಟಡವನ್ನು ನೋಡುತ್ತಿದ್ದರು. ಆ ನೋಟ ನೋಡಿ ನಾನು ಒಳಗೆ ಹೋಗಿಬಿಡುತ್ತಿದ್ದೆ.

ಭಾನುವಾರ ಸಭಾಂಗಣ ತುಂಬಿತ್ತು. ಅತ್ತೆ ಆಲ್ಬಮ್ ಕೇಳಿಸಿದರು, ನಿಂತು ಮಾತಾಡಿದರು. ಇಂಗ್ಲಿಷಿನಲ್ಲಿ ತಡವರಿಸುತ್ತ, ನಡುವೆ ಹಿಂದಿ ಸೇರಿಸುತ್ತ. ಮೊದಲ ಎರಡು ಆಲ್ಬಮಿನಲ್ಲಿ ಇವರು ಧೈರ್ಯಸ್ಥರ ವೇಷ ಹಾಕಿದ್ದಾರೆ, ಮೂರನೆಯದರಲ್ಲಿ ಹೆದರಿದ್ದಾರೆ, ಹೆದರಿಕೊಂಡೇ ಹಾಡಿದ್ದಾರೆ, ಅದಕ್ಕೇ ಇದು ದೊಡ್ಡದು ಎಂದರು. ಆಗ ಎಡಗಡೆಯ ಸಾಲಿನಿಂದ ಇಂಜಿನಿಯರರು ಏನೋ ಕೇಳಿದರು. ಅತ್ತೆ ತಿರುಗಲಿಲ್ಲ. ಅವರು ಮತ್ತೆ ಕೇಳಿದರು. ಅತ್ತೆ ಬಲಗಡೆಗೇ ನೋಡುತ್ತ ಮುಂದುವರಿದರು. ಹುಡುಗರು ಕಿಸಕ್ಕನೆ ನಕ್ಕರು. "ಆಂಟಿ ಜವಾಬ್ ನಹೀ ದೇ ರಹೀ," ಎಂದ ಒಬ್ಬ, ಆಂಟಿ ಉತ್ತರವನ್ನೇ ಕೊಡುತ್ತಿಲ್ಲ ಎಂದು.

ಏಳಬೇಕು, ಏನಾದರೂ ಹೇಳಬೇಕು ಎಂದುಕೊಂಡೆ. ಏಳದೆ ಅತ್ತೆಯನ್ನೇ ನೋಡಿದೆ. ನನ್ನ ಮುಖ ನೋಡಿ ಅತ್ತೆಗೆ ಏನಾಯಿತೆಂದು ಗೊತ್ತಾಯಿತು. ನಿಧಾನವಾಗಿ ಇಡೀ ದೇಹವನ್ನೇ ಎಡಕ್ಕೆ ತಿರುಗಿಸಿದರು.

"ಸಾಹೇಬ್ರೆ, ನನಗೆ ಈ ಕಡೆಯಿಂದ ಕೇಳೂದಿಲ್ಲ," ಎಂದರು ಕನ್ನಡದಲ್ಲಿ. ಆಮೇಲೆ ಎಲ್ಲರಿಗೂ ಹಿಂದಿಯಲ್ಲಿ ಹೇಳಿದರು. ಗಡ್ಡೆಯ ವಿಷಯ, ಬುಧವಾರದ ವಿಷಯ. "ನನಗೆ ತುಂಬಾ ಹೆದರಿಕೆ ಆಗ್ತಾ ಉಂಟು. ಹಾಗಂತ ಯಾರೂ ಪಾಪ ಅಂತ ಕೈ ಎತ್ತಬೇಡಿ. ಆಲ್ಬಮಿಗೆ ಮಾತ್ರ ಎತ್ತಿ."

ಕೈ ಎತ್ತಿಸಿದಾಗ ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು, ನಕ್ಕ ಹುಡುಗರೂ. ಇಂಜಿನಿಯರರು ಮಾತ್ರ ಎರಡೂ ಕೈ ಕಟ್ಟಿಕೊಂಡು ಕೂತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು.

"ಇಲ್ರೀ ಅಕ್ಕಾರ," ಎಂದರು. "ನನಗ ಇವತ್ತೂ ಹಿಡಸಲಿಲ್ಲ. ಸುಳ್ಳು ಹೇಳಾಕ ಮನಸ್ಸ ಬರವಲ್ದು."

ಅತ್ತೆಯ ಮುಖ ಆ ದಿನಗಳಲ್ಲಿ ಮೊದಲ ಸಲ ಅರಳಿತು. "ನೀವೊಬ್ಬರೇ ನೋಡಿ ನಾನು ಹೇಳಿದ್ದನ್ನು ಕೇಳಿದ್ದು," ಎಂದು ನಕ್ಕುಬಿಟ್ಟರು.

ಬುಧವಾರ ಠಾಣೆಯ ಆಸ್ಪತ್ರೆಯಲ್ಲಿ ನಾನು, ಅಪ್ಪ, ಅಮ್ಮ ಕಾಯುತ್ತ ಕೂತಿದ್ದೆವು. ಪ್ರತಿ ಸಲ ಬಾಗಿಲು ತೆರೆದಾಗಲೂ ಅಪ್ಪ ಎದ್ದು ನಿಲ್ಲುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಇಂಜಿನಿಯರರು ರಜೆ ಹಾಕಿ ಬಂದರು. ಅಪ್ಪನ ಪಕ್ಕ ಕೂತು, "ಆಕೀ ಭಾಳ ಗಟ್ಟಿ ಹೆಣಮಗಳ್ರೀ," ಎಂದರು. ಅಪ್ಪನಿಗೆ ಆಶ್ಚರ್ಯ. "ನನ್ನ ತಂಗಿಯಾ? ಅವಳಿಗೆ ಲಿಫ್ಟಿಗೆ ಹೋಗ್ಲಿಕ್ಕೂ ಹೆದರಿಕೆ ಮಾರಾಯ್ರೆ," ಎಂದರು. ಆ ಮಾತು ಹೇಳುತ್ತಲೇ ಅಪ್ಪ ಅತ್ತರು. ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಗಡ್ಡೆ ಪೂರ್ತಿ ಹೋಯಿತು. ಎಡಗಿವಿಯೂ ಹೋಯಿತು. ಬಾಯಿಯ ಎಡ ಮೂಲೆ ಸ್ವಲ್ಪ ಕೆಳಗಿಳಿದು, ಅತ್ತೆ ನಕ್ಕರೆ ಅರ್ಧ ನಕ್ಕಂತೆ ಕಾಣುತ್ತಿತ್ತು. ಬಲಗಿವಿಗೆ ಒಂದು ಯಂತ್ರ ಬಂತು. ಮನೆಗೆ ಬಂದ ಮೇಲೆ ಬಹಳ ದಿನ ಅವರು ಹಾಡಿನ ಸುದ್ದಿಯೇ ಎತ್ತಲಿಲ್ಲ. ಇನ್ನು ಎತ್ತುವುದೇ ಇಲ್ಲವೇನೋ ಎಂದು ನಾವು ಒಳಗೊಳಗೇ ಕುಗ್ಗಿದ್ದೆವು. ಒಂದು ಬೆಳಿಗ್ಗೆ ಗ್ಯಾಲರಿಯಿಂದ ನನ್ನನ್ನು ಕೂಗಿದರು. ಯಂತ್ರ ತೆಗೆದಿಟ್ಟು, ಹೆಡ್‌ಫೋನನ್ನು ಸದ್ದು ಏರಿಸಿ ಹಾಕಿಕೊಂಡಿದ್ದರು. ಹಾಡುಗಾರನ ಸ್ವರವೆಲ್ಲ ಕೇಳದ ಎಡಗಿವಿಯ ಪಕ್ಕಕ್ಕೇ ಹೋಗಿ, ಬಲಗಿವಿಗೆ ಕೇಳುತ್ತಿದ್ದದ್ದು ಬರೀ ಆರ್ಗನ್ನು. ಆ ಆರ್ಗನ್ನಿನ ಹಿಂದೆ ಯಾರೋ ತನ್ನಷ್ಟಕ್ಕೆ ಗುನುಗುತ್ತಿದ್ದರು.

"ಎರಡು ಕಿವಿ ಇರುವಾಗ ಇದು ಕೇಳ್ಲೇ ಇಲ್ಲ ನೋಡು," ಎಂದರು ಅತ್ತೆ. ಕೂಡಲೇ ಇಂಜಿನಿಯರರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಅವರು ಕೇಳಿ ನೋಡಿ ತಿರುಗಿ ಫೋನ್ ಮಾಡಿದರು.

"ಹೌದ್ರಿ ಅಕ್ಕಾರ, ಗುನುಗ್ತಾನ. ಖರೇ ಅದ."

"ಮತ್ತೆ?"

"ಮತ್ತೇನ್ರಿ, ಗುನುಗೋದು ಚಂದ ಅದ. ಆಲ್ಬಮ್ ಸುಮಾರ ಅದ."

ಮುಂದಿನ ತಿಂಗಳು ಅತ್ತೆ ಸೀವುಡ್ಸ್‌ಗೆ ಹೊರಟರು. ಎಲ್ಲರನ್ನೂ ಬಲಕ್ಕೆ ಕೂರಿಸಿಕೊಂಡು ಜಗಳ ಮುಂದುವರಿಯಿತು. ಅತ್ತೆ ನಿವೃತ್ತರಾದ ಮೇಲೂ ನಡೆಯಿತು. ಆ ಆಲ್ಬಮಿನ ವಿಷಯದಲ್ಲಿ ಇಂಜಿನಿಯರರ ಮನಸ್ಸೂ ಬದಲಾಗಲಿಲ್ಲ, ಅತ್ತೆಯದೂ ಬದಲಾಗಲಿಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ನಾನು ನೆರೂಳಿನ ಆಫೀಸಿನಲ್ಲಿದ್ದಾಗ ಅಪ್ಪನ ಫೋನ್ ಬಂತು. ಅತ್ತೆಗೆ ಎದೆನೋವು, ಡೊಂಬಿವಲಿಯಲ್ಲೇ ಆಸ್ಪತ್ರೆಗೆ ಸೇರಿಸಿದ್ದೇವೆ, ಬೇಗ ಬಾ. ಅಪ್ಪ ಅಷ್ಟೇ ಹೇಳಿದ್ದು, ಆದರೆ ಸ್ವರದಲ್ಲಿ ಉಳಿದದ್ದೆಲ್ಲ ಇತ್ತು.

ಠಾಣೆಗೆ ಹೋಗುವ ಲೋಕಲ್ ಹತ್ತಿದೆ. ಗಾಡಿ ಎರಡು ಸ್ಟೇಶನ್ ದಾಟುವುದರೊಳಗೆ ಎದೆ ಬಿಗಿಯಿತು. ಬೆರಳುಗಳು ಮರಗಟ್ಟಿದವು. ನಾನು ಮುಟ್ಟುವುದರೊಳಗೆ ಅತ್ತೆ ಹೋಗಿಬಿಟ್ಟರೆ? ನಾನೇ ಇಲ್ಲಿ ಬಿದ್ದುಬಿಟ್ಟರೆ? ಮೊಬೈಲು ತೆಗೆದು ಓದುವ ನಟನೆ ಮಾಡಲು ನೋಡಿದೆ. ಅಕ್ಷರಗಳು ಕಾಣಲಿಲ್ಲ. ಎದುರಿಗೆ ಮಡಿಲಲ್ಲಿ ಚೀಲ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದರು. ನನ್ನ ಬಾಯಿಂದ ಮರಾಠಿಯಲ್ಲಿ ಮಾತು ಹೊರಬಂತು.

"ಮಾವ್ಶೀ, ಮಲಾ ಖೂಪ್ ಭೀತಿ ವಾಟತೇ. ಜರಾ ಹಾತ್ ಧರಾಲ್ ಕಾ?"

ತುಂಬಾ ಹೆದರಿಕೆಯಾಗುತ್ತಿದೆ, ಸ್ವಲ್ಪ ಕೈ ಹಿಡಿದುಕೊಳ್ಳುತ್ತೀರಾ ಎಂದು ಗೊತ್ತಿಲ್ಲದವರನ್ನು ಕೇಳಿದ್ದೆ. ಜೀವನದಲ್ಲಿ ಮೊದಲ ಸಲ ಆ ಮಾತನ್ನು ಇನ್ನೊಬ್ಬರಿಗೆ ಹೇಳಿದ್ದೆ. ಆಕೆ "ಯೇ, ಇಕಡೇ ಬಸ್," ಎಂದು ಸರಿದು ಕಿಟಕಿಯ ಪಕ್ಕ ಜಾಗ ಕೊಟ್ಟರು. ಠಾಣೆಯವರೆಗೂ ನನ್ನ ಕೈಯನ್ನು ತಮ್ಮ ಎರಡು ಕೈಗಳ ನಡುವೆ ಇಟ್ಟುಕೊಂಡಿದ್ದರು. ತಾವು ಇಳಿಯಬೇಕಾದ ಸ್ಟೇಶನ್ ಆಗಲೇ ಹೋಯಿತೆಂದು ಹೇಳಿದ್ದು ಆಮೇಲೆ.

ನಾನು ಆಸ್ಪತ್ರೆ ಮುಟ್ಟಿದಾಗ ಅತ್ತೆಗೆ ಎಚ್ಚರವಿತ್ತು. ಬಲಗಿವಿಯ ಹತ್ತಿರ ಬಗ್ಗಿ, ಬಂದೆ ಎಂದೆ. ಕಣ್ಣು ಬಿಟ್ಟರು.

"ಒಬ್ಳೇ ಬಂದ್ಯಾ? ಹೆದರಿಕೆ ಆಗ್ಲಿಲ್ವಾ?"

"ಆಯ್ತು ಅತ್ತೆ. ಟ್ರೈನಿನಲ್ಲಿ ಒಬ್ಬರಿಗೆ ಹೇಳಿದೆ. ಅವರು ಕೈ ಹಿಡ್ಕೊಂಡ್ರು."

ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು. "ಹೇಳಿದ್ಯಾ?" ಎಂದರು. "ಒಳ್ಳೇದಾಯ್ತು."

ಅದೇ ಸಂಜೆ ಅವರು ತೀರಿಕೊಂಡರು.