ಮನೆ ಯಾಕೆ ಮಾರ್ತಿದ್ದೀರಿ?

ನಮ್ಮ ಮನೆಯನ್ನು ಇಪ್ಪತ್ತೆರಡು ಮಂದಿ ನೋಡಿ ಹೊಗಳಿ ಹೋದರು. ಮೊದಮೊದಲು ನನಗೆ ಖುಷಿಯಾಗುತ್ತಿತ್ತು. ಆಮೇಲೆ ತಿಳಿಯಿತು, ಕೊಳ್ಳುವವನು ಹೊಗಳುವುದಿಲ್ಲ. ಅವನು ಗೋಡೆ ತಟ್ಟುತ್ತಾನೆ, ನಲ್ಲಿ ತಿರುಗಿಸುತ್ತಾನೆ, ಬಚ್ಚಲಲ್ಲಿ ನಿಂತು ಮೂಗು ಮುರಿಯುತ್ತಾನೆ. ‘ಗಾಳಿ ಬೆಳಕು ಭಾಳ ಚೆನ್ನಾಗೈತೆ ಸಾರ್’ ಎಂದು ಯಾರಾದರೂ ಬಾಯಿ ತೆರೆದರೆ, ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದಾರೆ ಎಂದು ಅರ್ಥ.

ಮನೆ ಇರುವುದು ಚಿತ್ರದುರ್ಗದಲ್ಲಿ, ಬಂಡೆಯ ಮೇಲೆ. ಇದೇನು ದೊಡ್ಡ ವಿಶೇಷವಲ್ಲ. ದುರ್ಗದಲ್ಲಿ ಬಂಡೆಯಿಲ್ಲದ ಸೈಟು ಸಿಕ್ಕರೆ ಅದು ವಿಶೇಷ. ಬೀದಿಯಿಂದ ಬಾಗಿಲಿಗೆ ಹದಿನೆಂಟು ಮೆಟ್ಟಿಲು. ಕಟ್ಟಿಸಿದ ಕಾಲಕ್ಕೆ ನನಗಾಗಲಿ ನನ್ನ ಹೆಂಡತಿ ಗಿರಿಜಳಿಗಾಗಲಿ ಅವು ಲೆಕ್ಕಕ್ಕೇ ಇರಲಿಲ್ಲ. ಈಗ ಅವಳ ಎರಡೂ ಮಂಡಿ ಸವೆದಿವೆ. ಒಮ್ಮೆ ಇಳಿದರೆ ಹತ್ತಲು ಅರ್ಧ ಗಂಟೆ ಬೇಕು, ಹಾಗಾಗಿ ಇಳಿಯುವುದನ್ನೇ ಬಿಟ್ಟಳು. ದೀಪಾವಳಿಯಿಂದೀಚೆಗೆ ಅವಳು ಬೀದಿ ತುಳಿದಿರಲಿಲ್ಲ. ತರಕಾರಿ ಗಾಡಿಯವನ ಜೊತೆ ಚೌಕಾಸಿಯನ್ನೂ ಮೇಲಿನಿಂದಲೇ ಕೂಗಿ ಮಾಡುತ್ತಿದ್ದಳು. ಹೊಳಲ್ಕೆರೆಯಲ್ಲಿ ಅವಳ ತಂಗಿಯ ಪಕ್ಕದ ಮನೆ ಮಾರಾಟಕ್ಕಿತ್ತು. ನೆಲಮಟ್ಟದ ಮನೆ, ಹೊಸ್ತಿಲು ದಾಟಿದರೆ ಬೀದಿ. ಅದರ ಯಜಮಾನರು ಯುಗಾದಿವರೆಗೆ ನಮಗಾಗಿ ಕಾಯುತ್ತೇನೆ ಎಂದಿದ್ದರು. ಇದು ಮಾರಾಟವಾದರೆ ಅದು ನಮ್ಮದು, ಇಲ್ಲದಿದ್ದರೆ ಇಲ್ಲ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ಮಾರಿ ನೋಡು’ ಎಂದು ಸೇರಿಸಲಿಲ್ಲ. ಅವರ ಕಾಲದಲ್ಲಿ ಮನೆ ಮಾರಿದರೆಂದರೆ ಮನೆತನ ಮುಳುಗಿತು ಎಂದೇ. ಆ ಅನುಮಾನ ನಮ್ಮ ಜನಕ್ಕೆ ಇನ್ನೂ ಬಿಟ್ಟಿಲ್ಲ. ಎಮ್ಮೆ ಮಾರುವವನನ್ನು ಹಾಲೆಷ್ಟು ಎಂದು ಕೇಳುತ್ತಾರೆ, ಸೂಲೆಷ್ಟು ಎಂದು ಕೇಳುತ್ತಾರೆ. ಮನೆ ಮಾರುವವನನ್ನು ಕೇಳುವುದು ಒಂದೇ: ‘ಯಾಕೆ ಮಾರ್ತಿದ್ದೀರಿ?’

ಈ ಪ್ರಶ್ನೆಯ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ. ಸರ್ವೆ ಇಲಾಖೆಯಲ್ಲಿದ್ದಷ್ಟು ಕಾಲ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಅಳತೆ ಸರಪಳಿ ಎಳೆಸಿಕೊಂಡು ತಿರುಗಿದವನು ನಾನು. ಜಮೀನು ಕೊಳ್ಳುವವರಿಗೆಲ್ಲ, ಅವರು ಕೇಳದಿದ್ದರೂ, ಬುದ್ಧಿ ಹೇಳುತ್ತಿದ್ದೆ: ‘ಗಡಿಕಲ್ಲು ಆಮೇಲೆ ನೋಡ್ರಿ, ಮೊದ್ಲು ಅವನು ಯಾಕೆ ಮಾರ್ತಾನೆ ಕೇಳ್ರಿ.’ ನಾನು ಅಳೆದ ಗಡಿಗಳನ್ನು ಜನ ಒತ್ತುವರಿ ಮಾಡಿಕೊಂಡರು. ಈ ಮಾತೊಂದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಮೊದಲು ನಿಜವನ್ನೇ ಹೇಳಿದೆ. ಹೊಸದುರ್ಗದ ಕಂಟ್ರಾಕ್ಟರೊಬ್ಬರು ‘ಮಂಡಿ ನೋವಾ?’ ಎಂದವರೇ ಇಳಿದು ಹೋಗಿ, ಮೆಟ್ಟಿಲು ಎಣಿಸುತ್ತ ಮತ್ತೆ ಹತ್ತಿ ಬಂದರು. ‘ಹದಿನೆಂಟು. ಸಮಸಂಖ್ಯೆ. ಅದಕ್ಕೇ ಹಿಡ್ಕಂಡೈತೆ ನೋಡ್ರಿ’ ಎಂದರು. ನಾನು ಗಾರೆಯವನನ್ನು ಕರೆಸಿ ಕೆಳಗೊಂದು ಮೆಟ್ಟಿಲು ಸೇರಿಸಿದೆ. ಮಂಡಿ ನೋವಿಗೆಂದು ಮಾರುತ್ತಿರುವ ಮನೆಗೆ ಮೆಟ್ಟಿಲು ಜಾಸ್ತಿ ಮಾಡಿದವನು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಗಿರಿಜ ಮೇಲಿನಿಂದ ನೋಡಿ, ‘ಇನ್ನೊಂದೆರಡು ಕಟ್ಟಿಸ್ರಿ, ಹಂಗೇ ಮೇಲಕ್ಕೆ ಹೋಗ್ಬಿಡ್ತೀನಿ’ ಎಂದಳು. ಮುಂದಿನವರು ಬಂದು ಹೊಸ್ತಿಲನ್ನೂ ಸೇರಿಸಿ ಇಪ್ಪತ್ತು ಎಂದು ಎಣಿಸಿದರು.

ಆಮೇಲೆ ಸುಳ್ಳಿಗಿಳಿದೆ. ಮಗಳ ಊರಿಗೆ ಹೋಗ್ತೀವಿ ಎಂದೆ. ರಾಮಗಿರಿಯ ಒಬ್ಬ ಹಿರಿಯರು ನನ್ನ ಭುಜದ ಮೇಲೆ ಕೈಯಿಟ್ಟು, ‘ಮಗಳ ಮನೆಗೆ ಯಾರಪ್ಪ ಖುಷಿಯಿಂದ ಹೋಗ್ತಾರೆ? ಇಲ್ಲೇನು ಕಂಡಿದ್ರಿ ಹೇಳ್ರಿ’ ಎಂದು ಪಿಸುಗುಟ್ಟಿದರು. ಕೊನೆಗೆ ರೋಸಿಹೋಗಿ ಒಬ್ಬರಿಗೆ ‘ಸುಮ್ಮನೆ ಮಾರ್ತಿದ್ದೀವಿ’ ಎಂದುಬಿಟ್ಟೆ. ಅವರು ಕಾಫಿಯನ್ನೂ ಪೂರ್ತಿ ಕುಡಿಯಲಿಲ್ಲ.

ಶಿವರಾತ್ರಿ ಮುಗಿದ ಮೇಲೆ ಜವನಗೊಂಡನಹಳ್ಳಿಯಿಂದ ಚಿಕ್ಕಣ್ಣ ಎಂಬ ಕುರಿಗಾರರು ಹೆಂಡತಿ ಕರಿಯಮ್ಮನ ಜೊತೆ ಬಂದರು. ಗುಡ್ಡದಲ್ಲಿ ಕುರಿಯ ಹಿಂದೆ ಓಡಾಡಿದ ಕಾಲುಗಳು; ಇಬ್ಬರೂ ಏದುಸಿರಿಲ್ಲದೆ ಹತ್ತಿದರು. ಕೋಣೆ ನೋಡಿದರು, ತಾರಸಿ ನೋಡಿದರು, ನೀರಿನ ತೊಟ್ಟಿಯ ಮುಚ್ಚಳ ತೆಗೆದು ಮುಚ್ಚಿದರು. ‘ಚೆನ್ನಾಗೈತೆ ಸಾರ್. ತಗಂತೀವಿ’ ಎಂದರು ಚಿಕ್ಕಣ್ಣ.

ಅಷ್ಟೇ. ಯಾಕೆ ಮಾರ್ತಿದ್ದೀರಿ ಎಂದು ಕೇಳಲಿಲ್ಲ. ನಾನು ಕಾದೆ. ಹೊಗಳಿದವರು ಕೊಳ್ಳಲೂ ಹೊರಟರೆ ಅನುಮಾನ ಬರದೆ ಇರುತ್ತದೆಯೇ? ತಡೆಯಲಾರದೆ ನಾನೇ ಕೇಳಿದೆ: ‘ಅಲ್ಲ ಯಜಮಾನ್ರೆ, ನೀವು ಯಾಕೆ ತಗಳ್ತಿದ್ದೀರಿ?’

‘ಚೆನ್ನಾಗೈತಲ್ಲ ಸಾರ್, ಅದಕ್ಕೆ.’

ಇಂಥ ಉತ್ತರವನ್ನು ನಂಬುವುದು ಹೇಗೆ ಹೇಳಿ. ದುರ್ಗದ ಬಂಡೆಯಡಿ ನಿಧಿ ಇದೆ ಎಂದು ಅಗೆದವರ ಕತೆ ಕೇಳಿಯೇ ನಾವೆಲ್ಲ ಬೆಳೆದದ್ದು. ಇವರಿಗೆ ಏನೋ ಗೊತ್ತಿದೆ ಎನಿಸಿತು. ಇಷ್ಟು ವರ್ಷ ಬಟ್ಟೆ ಒಣಹಾಕಿದ ಬಂಡೆಯನ್ನು ಅವತ್ತು ಸ್ವಲ್ಪ ಮರ್ಯಾದೆಯಿಂದ ನೋಡಿದೆ. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಜವನಗೊಂಡನಹಳ್ಳಿಗೆ ಹೋದೆ. ಗಿರಿಜಳಿಗೆ ಪಿಂಚಣಿ ಕೆಲಸ ಎಂದು ಹೇಳಿದ್ದೆ. ಅಲ್ಲಿನ ಟೀ ಹೋಟೆಲಿನಲ್ಲಿ ಕೂತು ಚಿಕ್ಕಣ್ಣ ಎಂಥವರು, ಮನೆ ಯಾಕೆ ಬೇಕಂತೆ ಎಂದು ನಾಲ್ಕು ಜನರನ್ನು ಕೇಳಿದೆ. ಒಳ್ಳೆಯವರು, ಮೊಮ್ಮಕ್ಕಳನ್ನು ದುರ್ಗದಲ್ಲಿ ಓದಿಸಬೇಕಂತೆ ಎಂದರು ನಾಲ್ವರೂ. ಸಮಾಧಾನವಾಗಿ ಒಂದು ವಡೆ ತಿಂದು ವಾಪಸು ಬಂದೆ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಚಿಕ್ಕಣ್ಣನವರನ್ನು ಮುಟ್ಟಿತ್ತು. ಒಳಗೆ ಕಾಲಿಡುತ್ತಿದ್ದಂತೆ ಫೋನು ಬಂತು.

‘ಸಾರ್, ನಮ್ಮೂರಾಗೆ ಬಂದು ವಿಚಾರಿಸ್ಕಂಡು ಹೋದ್ರಂತೆ. ಮಾರೋರೇ ಇಷ್ಟು ಕೆದಕ್ತಾರೆ ಅಂದ್ರೆ ಆ ಮನೇಲಿ ಏನೋ ಐತೆ. ಬ್ಯಾಡ ಬಿಡ್ರಿ.’

ಗಿರಿಜ ಪಕ್ಕದಲ್ಲೇ ಇದ್ದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯುಗಾದಿಗೆ ಹನ್ನೊಂದು ದಿನ ಉಳಿದಿತ್ತು. ‘ಫೋನ್ ಇಲ್ಲಿ ಕೊಡ್ರಿ’ ಎಂದು ಕಿತ್ತುಕೊಂಡು, ‘ಅಣ್ಣಾ, ನೀವು ಬರೋದು ಬ್ಯಾಡ. ಕರಿಯಮ್ಮನ್ನ ಒಂದ್ಸಲ ಕಳಿಸ್ರಿ’ ಎಂದಳು.

ಎರಡು ದಿನ ಬಿಟ್ಟು ಕರಿಯಮ್ಮ ಬಂದರು. ಒಳಗೆ ಕೂರಲಿಲ್ಲ, ಬಾಗಿಲಲ್ಲೇ ನಿಂತು, ‘ನಿಜ ಹೇಳಕ್ಕ, ಯಾಕೆ ಮಾರ್ತೀರಿ?’ ಎಂದರು. ನಾನು ಕಾಫಿ ತಟ್ಟೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದೆ. ಬಾಯಿ ಹಾಕಬೇಕೆನ್ನುವಷ್ಟರಲ್ಲಿ ಗಿರಿಜ ಕುರ್ಚಿಯಲ್ಲಿ ಕೂತು ಸೀರೆಯನ್ನು ಬಲಮಂಡಿಯವರೆಗೆ ಎತ್ತಿದಳು.

ಮಂಡಿ ಊದಿಕೊಂಡು ಹೊಳೆಯುತ್ತಿತ್ತು. ಎಣ್ಣೆ ತಿಕ್ಕಿ ತಿಕ್ಕಿ ಚರ್ಮ ಕಪ್ಪಗಾಗಿತ್ತು, ಕಾಲು ಸೊಟ್ಟಗೆ ಒಳಕ್ಕೆ ಬಾಗಿತ್ತು. ಕರಿಯಮ್ಮ ನೆಲಕ್ಕೆ ಕೂತು, ಕುರಿಯ ಕಾಲು ಒತ್ತಿ ನೋಡಿ ಪಳಗಿದ ಬೆರಳಿನಿಂದ ಮೆಲ್ಲಗೆ ಒತ್ತಿದರು. ‘ಅಯ್ಯೋ ನನ್ನವ್ವ, ಇದನ್ನ ಇಟ್ಕಂಡು ಹೆಂಗಕ್ಕ ಹತ್ತಿಳಿದೆ?’ ಎಂದರು. ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದರು: ‘ಮನೇಲೇನಿಲ್ಲ, ಬರ್ರಿ. ಇರೋದೆಲ್ಲ ಈ ಅಕ್ಕನ ಮಂಡೀಲೈತೆ.’

ಹೀಗೆ ಮನೆ ಮಾರಾಟವಾಯಿತು. ಆದರೆ ಖುಷಿಪಡಲು ನನಗೆ ಮುಖವಿರಲಿಲ್ಲ. ಮಂಡಿ ನೋವು, ಮಂಡಿ ನೋವು ಎಂದು ಮೊದಮೊದಲು ಕಂಡವರಿಗೆಲ್ಲ ಹೇಳಿದ್ದೆ. ಆ ಮಂಡಿಯನ್ನು ಕಣ್ಣಾರೆ ನೋಡಿದ್ದು ಅವತ್ತೇ, ಅದೂ ಬೇರೆಯವರಿಗೆ ತೋರಿಸಿದಾಗ. ಕರಿಯಮ್ಮ ಹೋದ ಮೇಲೆ ಗಿರಿಜಳ ಹತ್ತಿರ ನೆಲದ ಮೇಲೆ ಕೂತೆ. ತುಂಬಾ ನಾಚಿಕೆಯಾಗಿತ್ತು.

‘ಭಾಳ ನೋಯ್ತೈತಾ?’ ಎಂದು ಕೇಳಿದೆ.

ಅವಳು ಸೀರೆ ಸರಿಮಾಡಿಕೊಳ್ಳುತ್ತ, ‘ಅವಳಿಗೆ ತೋರಿಸಿದ್ದು ಒಳ್ಳೇ ಕಾಲು ಕಣ್ರಿ’ ಎಂದಳು.