ಕೈ ಮೇಲೆತ್ತಿ ಕಲಿತ ಪದ

ಆಗ ನನಗೆ ನಲವತ್ತೊಂದು. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಬಸ್ಸು, ಬಕೆಟ್ಟು, ಡ್ಯೂಟಿ ಎಂಬ ಇಂಗ್ಲಿಷ್ ಪದಗಳನ್ನು ಯಾವಾಗ ಕಲಿತೆನೋ ಗೊತ್ತಿಲ್ಲ. ಹೈಜಾಕ್ ಎಂಬುದನ್ನು ಮಾತ್ರ ಕೈ ಮೇಲೆತ್ತಿಕೊಂಡು ಕಲಿತೆ.

ಹಳೇ ಏರ್‌ಪೋರ್ಟಿನಲ್ಲಿ ನಿಂತ ವಿಮಾನಗಳನ್ನು ಗುಡಿಸುವುದು ನನ್ನ ಕೆಲಸ. ಜೊತೆಗೆ ಜೋಗುಪಾಳ್ಯದ ಶಾಂತಿ, ಏಳು ತಿಂಗಳ ಬಸುರಿ. ಅಂದು ಮಧ್ಯಾಹ್ನ ಸೀಟುಗಳ ಸಂದಿಯಿಂದ ಕಡಲೆಕಾಯಿ ಸಿಪ್ಪೆ ತೆಗೆಯುತ್ತಿದ್ದೆವು. ಮುಖಕ್ಕೆ ಬಟ್ಟೆ ಕಟ್ಟಿದ ಇಬ್ಬರು ಬಂದೂಕು ಹಿಡಿದು ಏಣಿ ಹತ್ತಿ ಬಂದರು. "ಹೈಜಾಕ್! ಕೈ ಮೇಲೆ!" ಎಂದು ಕಿರುಚಿ ಬಾಗಿಲು ಹಾಕಿದರು.

ಎಷ್ಟು ಹೊತ್ತು ಹಾಗೆ ನಿಂತೆವೋ. ಹೊರಗೆ ಜೀಪುಗಳ ಸದ್ದು. ಶಾಂತಿ ಒಂದು ಕೈ ಇಳಿಸಿ ಹೊಟ್ಟೆಯ ಮೇಲಿಟ್ಟುಕೊಂಡಳು.

"ಅಕ್ಕಾ, ಮಗು ಒದೀತಾನೇ ಇಲ್ಲ. ಕಲ್ಲಾಗ್ಬಿಟ್ಟೈತೆ."

"ಕೂತ್ಕೊಳ್ಳೇ."

"ಯಾರೂ ಕೂರ್ಬಾರ್ದು!" ಇಬ್ಬರಲ್ಲೊಬ್ಬನ ಬಂದೂಕು ಅವಳ ಕಡೆ ತಿರುಗಿತು.

ನಾನು ಅಡ್ಡ ನಿಂತೆ. "ಬಸುರಿ ಕಣೋ, ಕಣ್ಣು ಕಾಣಲ್ವಾ? ಹೊಡಿಯೋದಾದ್ರೆ ನನ್ನ ಹೊಡಿ." ಧೈರ್ಯ ಎಂದುಕೊಳ್ಳಬೇಡಿ, ಸೀರೆ ಆಗಲೇ ಒದ್ದೆಯಾಗಿತ್ತು.

ಅವನು ತಬ್ಬಿಬ್ಬಾಗಿ ಮುಖದ ಬಟ್ಟೆ ಕಳಚಿದ. "ಅಯ್ಯೋ ಅಮ್ಮಾ, ನಾವು ಪೊಲೀಸ್ನೋರು, ಇದು ಪ್ರಾಕ್ಟೀಸು! ನೀವೂ ಪಾರ್ಟ್ ಮಾಡ್ತಿದೀರ ಅಂದ್ಕೊಂಡೆ."

ಅಂದು ಪ್ರಾಕ್ಟೀಸು ಇದೆಯೆಂದು ಗೋಡೆಯ ಬೋರ್ಡಿನಲ್ಲಿ ಇಂಗ್ಲಿಷ್ ನೋಟಿಸು ಹಾಕಿದ್ದರಂತೆ. ಅದರ ಮೇಲಿನ ಗಾಜನ್ನು ದಿನಾ ಒರೆಸುವವಳು ನಾನೇ.

ಪ್ರಾಕ್ಟೀಸು ನಡೆಸುತ್ತಿದ್ದ ಆಫೀಸರು ಟೀ ತರಿಸಿದರು. ಸಮಾಧಾನಕ್ಕೆ ಪದದ ಹುಟ್ಟನ್ನೂ ಹೇಳಿದರು. ಅದು ಆಕಾಶದಲ್ಲಿ ಹುಟ್ಟಿದ್ದಲ್ಲವಂತೆ. ಅಮೆರಿಕದಲ್ಲಿ ಕಳ್ಳಸಾರಾಯಿ ಲಾರಿಗಳನ್ನು ಅಡ್ಡಗಟ್ಟಿ ದೋಚುವುದಕ್ಕೆ ಹಾಗೆನ್ನುತ್ತಿದ್ದರಂತೆ. ಅದಕ್ಕೂ ಹಿಂದೆ ಎಲ್ಲಿತ್ತೆಂದು ಯಾರಿಗೂ ಸರಿಯಾಗಿ ತಿಳಿದಿಲ್ಲವಂತೆ. ಅಪ್ಪ ಯಾರೆಂದು ಗೊತ್ತಿಲ್ಲದ ಪದಕ್ಕೆ ಸಾರಾಯಿ ಲಾರಿಯಿಂದ ವಿಮಾನಕ್ಕೆ ಬಡ್ತಿ! ನಾನು ಅದೇ ಬಕೆಟ್ಟು ಹಿಡಿದೇ ರಿಟೈರಾದೆ. ಪೇಪರಿನವರು ಅಪಹರಣ ಎಂದು ಬರೆಯುತ್ತಾರೆ. ಸರ ಕಿತ್ತುಕೊಂಡು ಓಡುವವನದೂ ಅಪಹರಣವೇ. ಆದರೆ ಇದು ಬೇರೆ: ತನ್ನ ಪಾಡಿಗೆ ಹೋಗುತ್ತಿರುವುದನ್ನು, ಒಳಗಿನ ಜೀವಗಳ ಸಮೇತ, ಹೆದರಿಸಿ ಹಿಡಿಯುವುದು. ಅರ್ಥ ಆಫೀಸರಿಗಿಂತ ನನಗೇ ಚೆನ್ನಾಗಿ ತಿಳಿದಿತ್ತು. ನನ್ನ ಪಕ್ಕದಲ್ಲೇ ಕೂತಿತ್ತು, ಟೀ ಮುಟ್ಟದೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

ಸಂಜೆಯಾದರೂ ಅಲುಗಾಟವಿಲ್ಲ. ಶಿವಾಜಿನಗರದ ಆಸ್ಪತ್ರೆಗೆ ಕರೆದೊಯ್ದೆ. "ಎದೆಬಡಿತ ಕೇಳ್ತಿದೆ, ಆದ್ರೆ ನಿಧಾನ. ಇಲ್ಲೇ ಇರ್ಲಿ, ನೋಡೋಣ" ಎಂದರು ಡಾಕ್ಟರಮ್ಮ. ನೋಡೋಣ ಎಂಬ ಪದ ಎಲ್ಲಿ ಹುಟ್ಟಿತೆಂದು ಯಾವ ಆಫೀಸರೂ ಹೇಳುವುದಿಲ್ಲ. ಅದರಷ್ಟು ಹೆದರಿಸಿದ ಪದ ಇನ್ನೊಂದಿಲ್ಲ.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಮೊದಲು ಆಸ್ಪತ್ರೆಗೆ ಹೋದೆ. ಶಾಂತಿ ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಕಾದೆ. ಅಂಗೈಗೆ ಸರಿಯಾಗಿ ಒಂದು ಒದೆ ಬಿತ್ತು. "ಹಿಂಗೇ ಒದೀತಾ ಇರು, ಕತ್ತೆ" ಎಂದು ಬೈದು, ಕೆಲಸಕ್ಕೆ ಹೋದೆ.