ಸೂಜಿಯ ಓಣಿ

ನನ್ನ ವಾರಗಿತ್ತಿಯನ್ನು ಬೀದಿಯವರೆಲ್ಲ ಸೂಜಿ ಎಂದೇ ಕರೆಯುತ್ತಾರೆ. ಹೊಲಿಗೆ ಅವಳ ಕಸುಬು, ಮೈಯೂ ಸಣ್ಣ. ಆದರೆ ಹೆಸರು ಬಂದದ್ದು ನಾಲಗೆಯಿಂದ. ಅಂಗಿ ಬಿಗಿಯಾಯಿತು ಎಂದು ಯಾರಾದರೂ ದೂರಿದರೆ, "ಬಟ್ಟೆ ಕುಗ್ಗಿಲ್ಲ ಕಣಮ್ಮ, ನೀನೇ ಹಿಗ್ಗಿದೀಯ" ಎಂದುಬಿಡುತ್ತಾಳೆ. ಅನ್ನಿಸಿಕೊಂಡವರೇ ಮತ್ತೆ ಬಟ್ಟೆ ತರುತ್ತಾರೆ. ಬಟ್ಟೆ ಹರಿದರೂ ಅವಳ ಹೊಲಿಗೆ ಬಿಚ್ಚುವುದಿಲ್ಲ.

ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಗೋಡೆ ನೋಡುತ್ತ ಕುಳಿತಿರುತ್ತಿದ್ದೆ. ಅವಳು ಬಂದು, "ಅಕ್ಕಾ, ಗೋಡೆ ಎಲ್ಲೂ ಓಡಿಹೋಗಲ್ಲ. ಬಾ, ಗುಂಡಿ ಹಾಕು" ಎಂದು ಕೈ ಹಿಡಿದು ಎಬ್ಬಿಸಿದಳು. ಅಂದಿನಿಂದ ಗುಂಡಿ, ಕಾಜ ನನ್ನ ಪಾಲು.

ಅಂಗಡಿಯೆಂದರೆ ಒಂದೇ ಕೋಣೆ. ಅದು ಬೀದಿಗಿಲ್ಲ. ಮುಂದೆ ದೊಡ್ಡ ಮನೆ, ಅದರ ಮಗ್ಗುಲಿನ ಓಣಿಯಲ್ಲಿ ಹಿಂದಕ್ಕೆ ಹೋದರೆ ನಮ್ಮ ಬಾಗಿಲು. ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು, ಅಷ್ಟಗಲ. ಆ ಕೋಣೆಯನ್ನು ಸೂಜಿ ಸ್ವಂತ ದುಡಿಮೆಯಿಂದ, ತನ್ನ ಹೆಸರಿಗೇ, ಒಬ್ಬ ಮುದಿ ಸೂಲಗಿತ್ತಿಯಿಂದ ಕೊಂಡಿದ್ದಳು. ಓಣಿಯಲ್ಲಿ ಓಡಾಡುವ ಹಕ್ಕೂ ಕ್ರಯಪತ್ರದಲ್ಲಿತ್ತು. ಪತ್ರ ಮಾತ್ರ ಈಗಿಲ್ಲ. ಅಳತೆಯ ಕಾಗದಗಳ ಕಟ್ಟಿನೊಳಗೆ ಭದ್ರವಾಗಿರಲಿ ಎಂದು ಇಟ್ಟಿದ್ದಳು. ನನ್ನ ಮೈದುನ ಒಂದು ದಿನ ಒಳ್ಳೆಯ ಗಂಡನಾಗಲು ಹೋಗಿ, ಅಂಗಡಿ ಗುಡಿಸಿ, ಆ ಕಟ್ಟನ್ನೇ ರದ್ದಿಯವನ ಕೈಗೆ ಎತ್ತಿಕೊಟ್ಟ. ಇವತ್ತಿಗೂ ಅವನು ಪೊರಕೆ ಮುಟ್ಟಿದರೆ ಅವಳು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ.

ಆಮೇಲೆ ಮುಂದಿನ ಮನೆ ಕೈ ಬದಲಾಯಿತು. ಕೊಂಡವನು ಕಂಟ್ರಾಕ್ಟರ್. ಬಂದವನೇ ಓಣಿಯ ಬಾಯಿಗೆ ಕಬ್ಬಿಣದ ಗೇಟು ಕೂರಿಸಿದ.

"ಓಣಿ ನನ್ನದು. ನಿಮ್ಮ ಹಕ್ಕು ಇದ್ರೆ ಕಾಗದ ತೋರಿಸಿ. ಇಲ್ಲಾಂದ್ರೆ ತಿಂಗಳ ಕೊನೆಗೆ ಬೀಗ ಹಾಕ್ತೀನಿ" ಎಂದ.

"ಬೀಗ ಹಾಕಿದ್ರೆ ನಾವು ಒಳಗೆ ಹೋಗೋದು ಹೇಗೆ? ಹಾರ್ಕೊಂಡಾ?" ಎಂದಳು ಸೂಜಿ.

"ಅದು ನಿಮ್ಮ ತಲೆನೋವು ತಾಯಿ."

ಅವಳು ತಿರುಗಿ ಏನೂ ಅನ್ನಲಿಲ್ಲ. ಅದೇ ನನ್ನನ್ನು ಹೆದರಿಸಿತು. ದಾರಿ ಹೋದರೆ ಅಂಗಡಿ ಹೋದ ಹಾಗೆ. ಅಂಗಡಿ ಹೋದರೆ ಅವಳಿಗೆ ಉಳಿಯುವುದೇನು?

ನೋಂದಣಿಯಾದ ಪತ್ರದ ಪ್ರತಿ ಕಚೇರಿಯಲ್ಲಿ ಇರಲೇಬೇಕು ಎಂದು ಇಬ್ಬರೂ ಹೋದೆವು. ದಾಖಲೆ ಕೋಣೆಯಲ್ಲಿ ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು, ಒಂದು ಏಣಿ, ಉಸಿರೆಳೆದರೆ ಸೀನು. ನೋಡಿಕೊಳ್ಳುವವಳು ದಪ್ಪ ಕನ್ನಡಕದ ಹೆಂಗಸು. ವರ್ಷಕ್ಕೊಂದು ಹೆಸರಿನ ಪಟ್ಟಿ ಇರುತ್ತದೆ, ಕೊಟ್ಟವರೂ ಕೊಂಡವರೂ ಅಕ್ಷರದ ಪ್ರಕಾರ ಅದರಲ್ಲಿರುತ್ತಾರೆ, ಹೆಸರು ಸಿಕ್ಕರೆ ಪತ್ರ ಸಿಕ್ಕಂತೆ ಎಂದು ನಮಗೆ ಬಿಡಿಸಿ ಹೇಳಿದಳು. ಸೂಜಿಯ ನಿಜವಾದ ಹೆಸರು ಶುರುವಾಗುವುದು ಮ ಅಕ್ಷರದಿಂದ. ಅಲ್ಲಿಲ್ಲ. ಸೂಲಗಿತ್ತಿಯದು ಪ. ಅಲ್ಲೂ ಇಲ್ಲ.

"ವರ್ಷ ತಪ್ಪಿರ್ಬೇಕು, ನೆನಪು ಮಾಡ್ಕೊಳ್ಳಿ."

"ನನ್ನ ಮಗಳು ಹುಟ್ಟಿದ ವರ್ಷ ಕಣ್ರೀ. ಹೊಟ್ಟೆ ಹೊತ್ಕೊಂಡು ಇದೇ ಮೆಟ್ಟಿಲು ಹತ್ತಿದೀನಿ. ಮರೆಯೋದುಂಟಾ?"

ಆದರೂ ಕನ್ನಡಕದವಳು ಹಿಂದಿನ ವರ್ಷದ್ದನ್ನೂ ಮುಂದಿನದ್ದನ್ನೂ ತೆಗೆದು ನೋಡಿದಳು. ಕೊನೆಗೆ ಮೆಲ್ಲಗೆ, "ನೋಂದಣಿ ಆಗೇ ಇಲ್ವೇನೋಮ್ಮ. ಸಿಗಲಿಲ್ಲ ಅಂತ ಬರೆದು ಕೊಡ್ತೀನಿ, ನಾಳೆ ಬನ್ನಿ" ಎಂದಳು.

ಮನೆಗೆ ಬರುವ ದಾರಿಯಲ್ಲಿ ಸೂಜಿ, "ಆ ಸೂಲಗಿತ್ತಿ ಮುದುಕಿ ನನಗೆ ಟೋಪಿ ಹಾಕಿದ್ಲಾ ಅಕ್ಕಾ?" ಎಂದು ಕೇಳಿದಳು.

ಮರುದಿನ ಆ ‘ಸಿಗಲಿಲ್ಲ’ ಎಂಬ ಕಾಗದಕ್ಕಾಗಿ ಬೆಂಚಿನ ಮೇಲೆ ಕುಳಿತಿದ್ದೆವು. ಜವಾನ ಚೀಟಿ ಹಿಡಿದು "ಶ್ರೀಮತಿ" ಎಂದು ಯಾರನ್ನೋ ಕೂಗಿದ. ಫ್ಯಾನಿನ ಗದ್ದಲದಲ್ಲಿ ಮುಂದಿನದು ಕೇಳಿಸಲಿಲ್ಲ. ಯಾರೂ ಏಳಲಿಲ್ಲ. ಮತ್ತೆ ಕೂಗಿದ. ಸೂಜಿ ಅತ್ತಿತ್ತ ನೋಡಿ, "ಯಾರ್ರೀ ಅದು ದೊಡ್ಡ ಮನುಷ್ಯಳು, ಕರೆದ್ರೂ ಬರಲ್ಲ!" ಎಂದಳು.

"ನಿಮ್ಮನ್ನೇ ಕಣ್ರೀ! ಚೀಟಿಯಲ್ಲಿ ನಿಮ್ಮ ಹೆಸರೇ ಇರೋದು" ಎಂದು ಜವಾನ ಅವಳತ್ತ ಚೀಟಿ ಆಡಿಸಿದ.

"ಅಯ್ಯೋ, ಸೂಜಿ ಅಂದಿದ್ರೆ ಓಡಿ ಬರ್ತಿದ್ದೆ. ಹುಟ್ಟಿದಾಗಿಂದ ಯಾರೂ ಶ್ರೀಮತಿ ಅಂದಿಲ್ಲ. ಅದು ನಾನೇ ಅಂತ ನಂಗೇನು ಗೊತ್ತು?"

ಬೆಂಚಿನವರೆಲ್ಲ ನಕ್ಕರು. ಕನ್ನಡಕದವಳು ಮಾತ್ರ ನಗಲಿಲ್ಲ. ರುಜು ಹಾಕಲು ಹೊರಟವಳು ಪೆನ್ನು ಕೆಳಗಿಟ್ಟು ಎದ್ದಳು. ಆ ವರ್ಷದ ಪಟ್ಟಿ ತಂದು, ಮ ಅಲ್ಲ, ಶ ಅಕ್ಷರ ತೆರೆದು ನಮ್ಮ ಕಡೆಗೆ ತಿರುಗಿಸಿದಳು. ನಾನು ಅಕ್ಷರ ಕೂಡಿಸಿ ಓದುವವಳು. ಬೆರಳಿಟ್ಟುಕೊಂಡು ಇಳಿದೆ. ಶ್ರೀಮತಿ, ಶ್ರೀಮತಿ, ಶ್ರೀಮತಿ. ಪುಟ ತುಂಬ ಅದೇ. ಕೆಳಗಡೆ, ಎರಡು ಶ್ರೀಮತಿಯರ ನಡುವೆ, ಸೂಜಿಯ ಹೆಸರು. ಅದರ ಮುಂದೆ ಪತ್ರದ ಪುಟ.

"ಆ ವರ್ಷದ ಗುಮಾಸ್ತ ಹೆಂಗಸರನ್ನೆಲ್ಲ ಶ್ರೀಮತಿ ಅಂತ ಶ ಅಕ್ಷರಕ್ಕೇ ತುಂಬಿದಾನೆ" ಎಂದಳು ಕನ್ನಡಕದವಳು. "ಕೊಟ್ಟವಳೂ ಹೆಂಗಸು, ಕೊಂಡವಳೂ ಹೆಂಗಸು. ಎರಡು ಕಡೆಯಿಂದಲೂ ಸಿಗಲಿಲ್ಲ."

"ಮರ್ಯಾದೆ ಕೊಟ್ಟೇ ನನ್ನನ್ನ ಕಳೆದುಹಾಕಿದ್ನಲ್ಲ, ಪುಣ್ಯಾತ್ಮ!" ಎಂದು ಸೂಜಿ ನಕ್ಕಳು. ನಗುತ್ತಲೇ ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು.

ಕನ್ನಡಕದವಳು ಪತ್ರ ತೆಗೆದು ಗಟ್ಟಿಯಾಗಿ ಓದಿದಳು: "ಸದರಿ ಓಣಿಯಲ್ಲಿ ಕೊಂಡವರೂ ಅವರ ಕಡೆಯವರೂ ಯಾವ ಹೊತ್ತಿನಲ್ಲಾದರೂ ಓಡಾಡತಕ್ಕದ್ದು, ಯಾರೂ ಅಡ್ಡಿ ಮಾಡಕೂಡದು." ಕೆಳಗೆ ಮುಂದಿನ ಮನೆಯ ಅಂದಿನ ಯಜಮಾನನ ಒಪ್ಪಿಗೆಯ ರುಜು. ಅವನು ಸೂಲಗಿತ್ತಿಯ ಅಣ್ಣ.

"ಪಾಪ, ಮುದುಕಿ ಮೇಲೆ ಸುಮ್ಮನೆ ಅನುಮಾನ ಪಟ್ಟೆ" ಎಂದಳು ಸೂಜಿ.

ಮೊಹರು ಹಾಕಿದ ನಕಲು ಕೈಗೆ ಬಂದ ಮೇಲೂ ಅವಳು ಹೊರಡಲಿಲ್ಲ. "ನಾಳೆ ನನ್ನ ಮಗಳು ಬಂದ್ರೂ ಹೀಗೇ ಅಲೀಬೇಕಾ?" ಎಂದು ಕೇಳಿದಳು. ಕನ್ನಡಕದವಳು ತಿದ್ದುಪಡಿಯ ಅರ್ಜಿ ಬರೆಸಿಕೊಂಡು, ದೊಡ್ಡವರ ರುಜು ಹಾಕಿಸಿ, ಮ ಅಕ್ಷರದ ಪುಟದಲ್ಲಿ ನಮ್ಮೆದುರಿಗೇ ಹೆಸರು ಸೇರಿಸಿದಳು.

"ಮಿಕ್ಕ ಹೆಂಗಸರು?"

"ಅವರನ್ನೂ ಒಬ್ಬೊಬ್ಬರಾಗಿ ಅವರವರ ಮನೆಗೆ ಕಳಿಸ್ತೀನಿ, ನೀವು ನಡೀರಿ ಶ್ರೀಮತಿ."

ಕಂಟ್ರಾಕ್ಟರ್ ಓಣಿಯಲ್ಲೇ ನಿಂತು ನಕಲನ್ನು ಎರಡು ಸಲ ಓದಿದ.

"ಯಾವ ಹೊತ್ತಿನಲ್ಲಾದರೂ ಅಂತ ಬೇರೆ ಬರೆದಿದಾರೆ."

"ಹೂಂ, ಬರೆದಿದಾರೆ."

"ನನಗೆ ಮಾರಿದವನು ಇದನ್ನ ಹೇಳಲೇ ಇಲ್ಲ." ಅವನು ಕಾಗದ ಮಡಿಸಿ ಹಿಂದಕ್ಕೆ ಕೊಟ್ಟ. "ಈಗ ಈ ಗೇಟು ಏನು ಮಾಡ್ಲಿ?"

"ಚೆನ್ನಾಗಿದೆ, ನಿಮ್ಮ ಹಿತ್ತಿಲಿಗೆ ಹಾಕಿಸಿ."

ಮರುದಿನ ಬೆಳಿಗ್ಗೆ ಅವನ ಕೆಲಸಗಾರರು ಗೇಟು ಕಿತ್ತರು. ಹೊಲಿದಿಟ್ಟ ಬಟ್ಟೆಯ ಮೇಲೆಲ್ಲ ದೂಳು ಬಿತ್ತು ಎಂದು ಸೂಜಿ ಅವರಿಗೆ ಮನಸಾರೆ ಬೈದಳು. ಅದನ್ನು ಕೇಳಿ ನನ್ನ ಜೀವಕ್ಕೆ ತಂಪಾಯಿತು.

ಮಧ್ಯಾಹ್ನ ಅವಳು ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ, ಅದರ ಮೇಲೇ ಕಾಲು ಚಾಚಿದಳು. "ಯಾರು ಬಂದ್ರೂ ಎಬ್ಬಿಸಬೇಡ ಅಕ್ಕಾ" ಎಂದವಳು ಹಾಗೇ ನಿದ್ದೆ ಹೋದಳು. ಗೊರಕೆಯೂ ಶುರುವಾಯಿತು. ಓಣಿಯಲ್ಲಿ ಚಪ್ಪಲಿ ಸದ್ದಾಯಿತು. ಅಂಗಿ ಒಯ್ಯಲು ಯಾರೋ ಬಂದರು. ತುಟಿಗೆ ಬೆರಳಿಟ್ಟು, ಸ್ಟೂಲು ತೋರಿಸಿ, ನಾನು ಮುಂದಿನ ಗುಂಡಿಗೆ ದಾರ ಪೋಣಿಸಿದೆ.